ಕೆಂಪು–ಕಿತ್ತಳೆ, ಏಳನೆಯ ಜೋಡಿ

ನೀಲಿ, ಕಿತ್ತಳೆ, ಹಸಿರು, ಕಂದು, ಬೂದು.
ಬಿಳಿಯ ಜೊತೆ ಒಂದು ಸುತ್ತು, ಕೆಂಪಿನ ಜೊತೆ ಒಂದು ಸುತ್ತು.
ಮಗ್ಗಿ ಮರೆತೇನು, ಇದನ್ನು ಮರೆಯಲಾರೆ.
ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಮೊಣಕಾಲುದ್ದ ಕೆಸರಲ್ಲಿ ಕೂತು
ಇನ್ನೂರು ಜೋಡಿ ತಂತಿ ಬೆಸೆದಿದ್ದೇನೆ
ಮಾದಾಪುರದ ಈ ತಿರುವಿನಲ್ಲಿ.
ಪ್ರತಿ ತಂತಿಗೂ ಎರಡೇ ತುದಿ:
ಒಂದು ಎಕ್ಸ್‌ಚೇಂಜಿನಲ್ಲಿ,
ಇನ್ನೊಂದು ಯಾರದೋ ನಡುಮನೆಯಲ್ಲಿ
ಕಸೂತಿ ಬಟ್ಟೆ ಹೊದ್ದು ಕೂತ ಫೋನಿನಲ್ಲಿ.
ನಡುವೆ ಏನೇ ಕೆಟ್ಟರೂ ನಕ್ಷೆಯಿತ್ತು.
ನಕ್ಷೆಯೇ ಸುಳ್ಳಾದರೆ
ಬರೆದವನಿಗೆ ಬೈಯಬಹುದಿತ್ತು.

ಈಗ ತಾಮ್ರ ಯಾರಿಗೂ ಬೇಡ.
ಅಗೆದು ತೆಗೆಯುವ ಗುತ್ತಿಗೆ, ಕಿಲೋ ಲೆಕ್ಕ.
ಎಲ್ಲಿ ಹೂತಿದೆಯೆಂದು ಬಲ್ಲವನು ನಾನೊಬ್ಬನೇ ಉಳಿದದ್ದಕ್ಕೆ
ನಿವೃತ್ತನನ್ನು ಜೀಪು ಕಳಿಸಿ ಕರೆಸಿದರು.
ದೇವರಕಾಡಿನೊಳಗೆ ಪಿಕಾಸಿ ಇಡುವುದಿಲ್ಲ ಎಂದೆ.
ಅಂಚಿನಲ್ಲಿ ಅಗೆದೆವು, ನಾನೂ ಶರಫುವೂ, ಮೂರಡಿ.
ಹಳೆಯ ಜಾಯಿಂಟು ಸಿಕ್ಕಿತು.
ಅದನ್ನು ತಬ್ಬಿಕೊಂಡ ಬೇರು,
ಬೇರನ್ನು ತಬ್ಬಿಕೊಂಡ ಬಿಳಿ ನೂಲು,
ಮುಟ್ಟಿದರೆ ಇಲ್ಲ ಅನ್ನುವಷ್ಟು ಸಣ್ಣದು.

‘ಅಂಕಲ್, ಒಂದ್ನಿಮಿಷ.’
ಕಾಡಿನ ಮರ ಎಣಿಸಲು ಬಂದಿದ್ದ ದೇಚು,
ಪೊನ್ನಂಪೇಟೆಯಲ್ಲಿ ಓದುವ ಹುಡುಗಿ,
ಭೂತಗನ್ನಡಿ ಹಿಡಿದು ಗುಂಡಿಗೇ ಇಳಿದಳು.
ಇದು ಅಣಬೆಯ ನೂಲಂತೆ.
ಮರಗಳು ಇದರಲ್ಲೇ ಮಾತಾಡುತ್ತವಂತೆ, ನಿಮ್ಮ ಟೆಲಿಫೋನಿನ ಹಾಗೆ.
‘ಹಾಗಂತ ಹೇಳ್ತಾರೆ. ನಂಗಿನ್ನೂ ಗ್ಯಾರಂಟಿ ಇಲ್ಲ.’
ಆ ಗ್ಯಾರಂಟಿ ಇಲ್ಲ ಅಂದದ್ದು ನನಗೆ ಹಿಡಿಸಿತು.

ತುದಿ ಯಾವುದು, ಕೇಳಿದೆ.
ಬಣ್ಣವಿಲ್ಲದೆ ಜೋಡಿ ಹೇಗೆ ಹುಡುಕುವುದು?
ನಂದಿ ಮರ ಬಿದ್ದರೆ ಯಾವ ನಂಬರು ಸತ್ತಿತೆಂದು
ಯಾರು ಬರೆದುಕೊಳ್ಳುತ್ತಾರೆ?
ಅವಳು ನಕ್ಕು, ಚಿಟಿಕೆ ಮಣ್ಣು ನನ್ನ ಅಂಗೈಗೆ ಹಾಕಿದಳು,
ಪ್ರಸಾದ ಕೊಟ್ಟ ಹಾಗೆ.

ನಮ್ಮಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿದರೆ ಅದು ದೋಷ.
ಹಾಗಾಗದಿರಲೆಂದೇ ಒಂದೊಂದು ಜೋಡಿಗೂ
ಒಂದೊಂದು ಅಳತೆಯ ಹೊಸೆತ.
ಇಲ್ಲಿ ನೋಡಿದರೆ ಹಲಸಿನದ್ದು ನಂದಿಗೆ,
ನಂದಿಯದ್ದು ಕೊಳೆತ ಕೊಂಬೆಗೆ, ಕೊಂಬೆಯದ್ದು
ಇನ್ನೂ ಹುಟ್ಟದ ಯಾವುದೋ ಸಸಿಗೆ.
ದೋಷದ ಮೇಲೆ ದೋಷ ಬಿದ್ದು
ಕಾಡು ನಿಂತಿದೆ.

ಸರಿ. ಕೈ ಮುಗಿಯೋಣ.
ಆದರೆ ಪೂರ್ತಿ ತಲೆ ಬಾಗಿಸಲು ನಾನು ತಯಾರಿಲ್ಲ.
ಆ ಆಗಸ್ಟಿನಲ್ಲಿ ಬೆಟ್ಟ ಬಂತಲ್ಲ ಕೆಳಗೆ,
ಇಷ್ಟೆಲ್ಲ ನೂಲನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬಂತು.
ನೂಲು ಹಿಡಿದು ನಿಲ್ಲಿಸಲಿಲ್ಲ.
ಒಂದು ದೂರೂ ದಾಖಲಾಗಲಿಲ್ಲ.
ಈಗ ಅದೇ ಮಣ್ಣಿನ ಮೇಲೆ ಹೊಸ ಹಸಿರು,
ಏನೂ ಆಗದವರ ಹಾಗೆ.

ನಾವೋ, ನಾಲ್ಕನೆಯ ದಿನ, ಹಗ್ಗ ಕಟ್ಟಿಕೊಂಡು,
ಹೆಗಲಲ್ಲಿ ತಂತಿಯ ಸುರುಳಿ ಹೊತ್ತು ಆಚೆಗೆ ದಾಟಿದೆವು.
ಇನ್ನೂರರಲ್ಲಿ ಒಂದೇ ಒಂದು ಜೋಡಿ ಬದುಕಿತು.
ಕೆಂಪು–ಕಿತ್ತಳೆ, ಏಳನೆಯದು. ಹಟ್ಟಿಹೊಳೆಯ ಪೂವಕ್ಕನ ಮನೆಯದು.
ಹಲೋ ಅಂದೆ.
ಆಚೆ ಮಾತಿಲ್ಲ. ಉಸಿರು ಕೇಳಿತು.
ಬೇರೆ ಯಾರದ್ದೂ ಬೆರೆಯದ, ಅವಳೊಬ್ಬಳದೇ ಉಸಿರು.

ಶರಫು ಗರಗಸ ಇಟ್ಟ.
ಮಣ್ಣು ಕೆರೆದು ತೂಗಿ ಎಂದ ಗುತ್ತಿಗೆದಾರ.
ಬಿಡಿಸಿ ನೋಡಿದರೆ ತೋಳಿನ ಸಂದಿಯಿಂದ
ಬಿಳಿ ನೂಲು ಒಳಗೂ ನುಗ್ಗಿತ್ತು,
ಕೆಂಪಿಗೂ ಕಿತ್ತಳೆಗೂ ನಡುವೆ,
ನನ್ನ ಬೆಸುಗೆಯ ಪಕ್ಕದಲ್ಲೇ.
ಗೇಣುದ್ದ ಕತ್ತರಿಸಿ ಜೇಬಿಗಿಟ್ಟುಕೊಂಡೆ,
ಕದ್ದ ಮಾಲು.

ಮನೆ ಮುಟ್ಟುವಷ್ಟರಲ್ಲಿ ನೂಲು ಒಣಗಿ ಹೋಗಿತ್ತು,
ಇದ್ದ ಗುರುತೂ ಇಲ್ಲ.
ಕಿತ್ತಳೆ ಹಾಗೇ ಇದೆ, ಚೂರೂ ಮಾಸಿಲ್ಲ.
ಇದು ಹೊಗಳಿಕೆಯೋ ದೂರೋ,
ಬರೆದುಕೊಳ್ಳುವವರು ಯಾರೂ ಉಳಿದಿಲ್ಲ.